ಬೆಳ್ಳಿ ಅಸಲಿಯೋ ನಕಲಿಯೋ? ವಾಟ್ಸಾಪ್‌ನ ನಾಲ್ಕು ಪರೀಕ್ಷೆಗಳು ಮತ್ತು ಮಾರ್ಕಸೈಟ್ ಒಡವೆಯ ನಿಜ

"ನಿಮ್ಮ ಮನೆಯ ಬೆಳ್ಳಿ ಅಸಲಿಯೇ? ಐದೇ ನಿಮಿಷದಲ್ಲಿ ಪರೀಕ್ಷಿಸಿ. 1) 925 ಮುದ್ರೆ ಇರಬೇಕು. 2) ಆಯಸ್ಕಾಂತಕ್ಕೆ ಅಂಟಬಾರದು. 3) ಮೇಲಿಟ್ಟ ಐಸ್ ಬೇಗ ಕರಗಬೇಕು. 4) ಅಲ್ಯೂಮಿನಿಯಂ ಫಾಯಿಲ್, ಸೋಡಾ ಹಾಕಿದ ಬಿಸಿನೀರಿನಲ್ಲಿ ಮುಳುಗಿಸಿದರೆ ಹೊಳೆಯಬೇಕು. ಎಲ್ಲರಿಗೂ ಕಳಿಸಿ, ಮೋಸ ಹೋಗುವುದನ್ನು ತಪ್ಪಿಸಿ."

ಇಂಥದ್ದೊಂದು ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ನಮ್ಮ ಗ್ರೂಪಿಗೆ ಬಂದಾಗ ಉಡುಪಿಯಲ್ಲಿರುವ ನನ್ನ ದೊಡ್ಡಮ್ಮ ತಮ್ಮ ಎಲೆಯಾಕಾರದ ಬ್ರೋಚನ್ನು ಪರೀಕ್ಷೆಗೆ ಇಟ್ಟರು. ಹಡಗಿನಲ್ಲಿ ಕೆಲಸಕ್ಕಿದ್ದ ದೊಡ್ಡಪ್ಪ 1983ರಲ್ಲಿ ಜರ್ಮನಿಯ ಬಂದರಿನ ಒಂದು ಹಳೇ ಸಾಮಾನಿನ ಅಂಗಡಿಯಿಂದ ತಂದುಕೊಟ್ಟಿದ್ದು ಅದು. ಬೆಳ್ಳಿಯ ಎಲೆ, ಅದರ ತುಂಬ ಸಾಸಿವೆ ಗಾತ್ರದ, ಉಕ್ಕಿನ ಬಣ್ಣದಲ್ಲಿ ಮಿನುಗುವ ಕಲ್ಲುಗಳು. ದೊಡ್ಡಮ್ಮ ಅದನ್ನು ಸೀರೆಪಿನ್ ಅಂತಲೇ ಕರೆಯುವುದು. ಮನೆಯ ಯಾವ ಮದುವೆಯ ಫೋಟೋ ತೆಗೆದರೂ ಅವರ ಹೆಗಲ ಮೇಲೆ ಅದು ಕಾಣುತ್ತದೆ.

ಪರೀಕ್ಷೆಯ ಫಲಿತಾಂಶ ಕೆಟ್ಟದಾಗಿತ್ತು. ಮುದ್ರೆ ಇತ್ತು, ಆದರೆ 925 ಅಲ್ಲ, 935. ಆಯಸ್ಕಾಂತ ಟಪ್ಪೆಂದು ಅಂಟಿಕೊಂಡಿತು. ಐಸ್ ಮಾತ್ರ ಬೇಗ ಕರಗಿತು. ಸೋಡಾ ನೀರಿನಿಂದ ತೆಗೆದಾಗ ಮೂರು ಕಲ್ಲು ಪಾತ್ರೆಯ ತಳದಲ್ಲಿ ಬಿದ್ದಿದ್ದವು. ಅಷ್ಟರಲ್ಲಿ ಗ್ರೂಪಿನಲ್ಲಿ ಯಾರೋ ಇನ್ನೊಂದು ಮಾತು ಸೇರಿಸಿದರು: "ಅದು ಮಾರ್ಕಸೈಟ್ ಅಲ್ಲವೇ ಅಲ್ಲ, ಪೈರೈಟ್. ಮೂರ್ಖರ ಚಿನ್ನ ಅಂತಾರೆ ಅದಕ್ಕೆ."

ರಾತ್ರಿ ದೊಡ್ಡಮ್ಮ ನನಗೆ ಫೋನ್ ಮಾಡಿದರು. "ನಿನ್ನ ದೊಡ್ಡಪ್ಪನಿಗೆ ಅಲ್ಲಿ ಯಾರೋ ಟೋಪಿ ಹಾಕಿದ್ದಾರೆ ಮಗಾ. ಪಾಪ, ಅವರಿಗೆ ಗೊತ್ತೇ ಆಗಲಿಲ್ಲ" ಎಂದರು. ದೊಡ್ಡಪ್ಪ ತೀರಿಕೊಂಡು ಆರು ವರ್ಷವಾಗಿದೆ. ಹಾಗಾಗಿ ಈ ನಾಲ್ಕು ಪರೀಕ್ಷೆಗಳನ್ನೂ ಆ ಕಲ್ಲಿನ ಕಥೆಯನ್ನೂ ಒಂದೊಂದಾಗಿ ನೋಡೋಣ ಅನ್ನಿಸಿತು.

ಮೊದಲ ಪರೀಕ್ಷೆ: 925 ಇಲ್ಲದಿದ್ದರೆ ನಕಲಿಯೇ?

ಅಲ್ಲ. ಶುದ್ಧ ಬೆಳ್ಳಿ ಬಹಳ ಮೆದು. ಒಡವೆ ಮಾಡಿದರೆ ಬಾಗುತ್ತದೆ, ಸವೆಯುತ್ತದೆ. ಅದಕ್ಕೆ ಗಟ್ಟಿತನ ಕೊಡಲು ಬೇರೆ ಲೋಹ, ಸಾಮಾನ್ಯವಾಗಿ ತಾಮ್ರ, ಬೆರೆಸುತ್ತಾರೆ. 1000 ಪಾಲಿನಲ್ಲಿ 925 ಪಾಲು ಬೆಳ್ಳಿಯಿದ್ದರೆ ಅದು ಸ್ಟರ್ಲಿಂಗ್. ಅಂದರೆ 92.5% ಬೆಳ್ಳಿ, ಉಳಿದ 7.5% ಬೇರೆ ಲೋಹ. ಇದು ಇಂಗ್ಲೆಂಡಿನಿಂದ ಬಂದ ಅಳತೆ. ಬೇರೆ ದೇಶಗಳಿಗೆ ಅವರವರದೇ ಅಳತೆಗಳಿದ್ದವು. ಜರ್ಮನಿಯಲ್ಲಿ 800, 835, 935 ಎಂಬ ಮುದ್ರೆಗಳು, ಫ್ರಾನ್ಸಿನಲ್ಲಿ 950 ಸಾಮಾನ್ಯ. ದೊಡ್ಡಮ್ಮನ ಬ್ರೋಚಿನ ಮೇಲಿದ್ದ 935 ಎಂದರೆ 93.5% ಬೆಳ್ಳಿ. ಅದು ಸ್ಟರ್ಲಿಂಗ್‌ಗಿಂತ ನೂರಕ್ಕೆ ಒಂದು ಪಾಲು ಹೆಚ್ಚು! ಫಾರ್ವರ್ಡ್ ಅದನ್ನೇ ನಕಲಿಯ ಗುರುತು ಮಾಡಿಬಿಟ್ಟಿತ್ತು.

ಇನ್ನು ಹಳೆಯ ಇಂಗ್ಲಿಷ್ ಒಡವೆಗಳಲ್ಲಿ 925 ಎಂಬ ಸಂಖ್ಯೆಯೇ ಸಿಗದಿರಬಹುದು. ಅಲ್ಲಿ ಸ್ಟರ್ಲಿಂಗ್‌ನ ಗುರುತು, ಒಂದು ಕಾಲೆತ್ತಿ ನಡೆಯುತ್ತಿರುವ ಪುಟ್ಟ ಸಿಂಹ. 1544ರಿಂದ ಬಳಕೆಯಲ್ಲಿರುವ ಚಿಹ್ನೆ ಅದು. ಬ್ರಿಟನ್ನಿನಲ್ಲಿ 7.78 ಗ್ರಾಂಗಿಂತ ಹಗುರವಾದ ಬೆಳ್ಳಿಗೆ ಹಾಲ್‌ಮಾರ್ಕ್ ಕಡ್ಡಾಯವೂ ಅಲ್ಲ. ಹಾಗಾಗಿ ಯಾವ ಮುದ್ರೆಯೂ ಇಲ್ಲದ ಪುಟ್ಟ ಓಲೆ ಅಸಲಿ ಬೆಳ್ಳಿಯೇ ಆಗಿರಬಹುದು.

ತಿರುಗಿಸಿ ನೋಡಿದರೂ ಅಷ್ಟೇ: 925 ಇದ್ದ ಮಾತ್ರಕ್ಕೆ ಅಸಲಿ ಎಂದೂ ಹೇಳಲಾಗದು. ಆ ಮೂರು ಅಂಕಿ ಒತ್ತುವ ಅಚ್ಚು ಯಾರ ಬಳಿಯೂ ಇರಬಹುದು. ಮುದ್ರೆಗೆ ಬೆಲೆ ಬರುವುದು ಅದರ ಹಿಂದೆ ಪರೀಕ್ಷಿಸಿದ ಸಂಸ್ಥೆ ಇದ್ದಾಗ. ನಮ್ಮಲ್ಲಿ ಆ ಕೆಲಸ ಬಿಐಎಸ್‌ನದು. ಚಿನ್ನಕ್ಕೆ ಇರುವಂತೆ ಬೆಳ್ಳಿಗೂ ಎಚ್‌ಯುಐಡಿ ಸಂಖ್ಯೆ ಕೊಡುವ ವ್ಯವಸ್ಥೆ 2025ರ ಸೆಪ್ಟೆಂಬರ್‌ನಲ್ಲಿ ಶುರುವಾಯಿತು. ಶುರುವಾದಾಗ ಅದು ಕಡ್ಡಾಯವಾಗಿರಲಿಲ್ಲ, ಅಂಗಡಿಯವರ ಇಚ್ಛೆಗೆ ಬಿಟ್ಟದ್ದಾಗಿತ್ತು. ಹೊಸ ಬೆಳ್ಳಿ ಕೊಳ್ಳುವಾಗ ಅದನ್ನು ಕೇಳಿ ಪಡೆಯುವುದು ನಮ್ಮ ಕೈಯಲ್ಲಿದೆ.

ಎರಡನೆಯದು: ಆಯಸ್ಕಾಂತ

ಬೆಳ್ಳಿ ಆಯಸ್ಕಾಂತಕ್ಕೆ ಅಂಟುವುದಿಲ್ಲ ಎಂಬುದು ಸರಿ. ಆದರೆ ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಕೂಡ ಅಂಟುವುದಿಲ್ಲ. ಬೆಳ್ಳಿಯ ನೀರು ಕೊಟ್ಟ ಹಿತ್ತಾಳೆ ಬಳೆ ಈ ಪರೀಕ್ಷೆಯಲ್ಲಿ ಸುಲಭವಾಗಿ ಪಾಸಾಗುತ್ತದೆ. ಒಳಗೆ ಕಬ್ಬಿಣವಿದ್ದರೆ ಆಯಸ್ಕಾಂತ ಹೇಳಬಲ್ಲದು. ಒಳಗೆ ಬೆಳ್ಳಿಯೇ ಇದೆ ಎಂದು ಹೇಳಲಾರದು.

ಹಾಗಾದರೆ ದೊಡ್ಡಮ್ಮನ ಬ್ರೋಚ್ ಅಂಟಿದ್ದು ಹೇಗೆ? ವೀಡಿಯೊ ಕಾಲ್‌ನಲ್ಲಿ ನಿಧಾನವಾಗಿ ಮತ್ತೊಮ್ಮೆ ಹಿಡಿಯಲು ಹೇಳಿದೆ. ಎಲೆಯ ಭಾಗಕ್ಕೆ ಆಯಸ್ಕಾಂತ ಸ್ಪಂದಿಸಲೇ ಇಲ್ಲ. ಅಂಟಿದ್ದು ಹಿಂಬದಿಯ ಸೂಜಿಗೆ ಮಾತ್ರ. ಸೀರೆಯ ಮಡಿಕೆಗಳನ್ನು ಚುಚ್ಚಿ ಹಿಡಿಯುವ ಸೂಜಿ ಬೆಳ್ಳಿಯದಾದರೆ ಬೇಗ ಬಾಗುತ್ತದೆ. ಅದಕ್ಕೇ ಹಳೆಯ ಬ್ರೋಚುಗಳಲ್ಲಿ ಸೂಜಿಯನ್ನು ಉಕ್ಕಿನಂಥ ಗಟ್ಟಿ ಲೋಹದಿಂದ ಮಾಡುವುದುಂಟು. ಸರದ ಕೊಂಡಿಯೊಳಗಿನ ಪುಟ್ಟ ಸ್ಪ್ರಿಂಗ್ ಕೂಡ ಹೀಗೆಯೇ.

ಮೂರನೆಯದು: ಐಸ್ ತುಂಡು

ಎಲ್ಲ ಲೋಹಗಳಲ್ಲಿ ಶಾಖವನ್ನು ಅತಿ ಚೆನ್ನಾಗಿ ಸಾಗಿಸುವುದು ಬೆಳ್ಳಿ. ಅದರ ಮೇಲಿಟ್ಟ ಐಸ್ ಬೇಗ ಕರಗುವುದು ನಿಜ. ತೊಂದರೆ ಏನೆಂದರೆ ತಾಮ್ರ ಅದರ ಬೆನ್ನಿಗೇ ಇದೆ. ಶಾಖ ಸಾಗಿಸುವುದರಲ್ಲಿ ಬೆಳ್ಳಿಯ 90%ಕ್ಕಿಂತ ಹೆಚ್ಚು ಸಾಮರ್ಥ್ಯ ತಾಮ್ರಕ್ಕಿದೆ. ಬರಿಗಣ್ಣಿನಲ್ಲಿ ಐಸ್ ನೋಡಿ ಈ ಎರಡರ ನಡುವಿನ ವ್ಯತ್ಯಾಸ ಹೇಳುವುದು ಯಾರಿಗೂ ಸಾಧ್ಯವಿಲ್ಲ. ದೊಡ್ಡಮ್ಮನ ಬ್ರೋಚ್ ಪಾಸಾದ ಈ ಒಂದು ಪರೀಕ್ಷೆಯನ್ನೂ ನಾವು ಲೆಕ್ಕಕ್ಕೆ ಹಿಡಿಯುವಂತಿಲ್ಲ.

ನಾಲ್ಕನೆಯದು: ಫಾಯಿಲ್ ಮತ್ತು ಸೋಡಾ

ನಾಲ್ಕರಲ್ಲಿ ನಿಜಕ್ಕೂ ವಿಜ್ಞಾನವಿರುವುದೂ ಇದರಲ್ಲೇ, ಹಾನಿ ಮಾಡುವುದೂ ಇದೇ.

ಬೆಳ್ಳಿ ಕಪ್ಪಾಗುವುದು ಗಂಧಕದಿಂದ. ಗಾಳಿಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಹೈಡ್ರೋಜನ್ ಸಲ್ಫೈಡ್ ಬೆಳ್ಳಿಯ ಜೊತೆ ಸೇರಿ ಸಿಲ್ವರ್ ಸಲ್ಫೈಡ್ ಎಂಬ ಕಪ್ಪು ಪದರವಾಗುತ್ತದೆ. ಬೇಯಿಸಿದ ಮೊಟ್ಟೆ, ಈರುಳ್ಳಿ, ಉಣ್ಣೆ ಬಟ್ಟೆ, ರಬ್ಬರ್ ಬ್ಯಾಂಡ್ ಎಲ್ಲದರಲ್ಲೂ ಗಂಧಕವಿದೆ. ಬೆವರಿನ ಅಂಶಗಳೂ ಇದಕ್ಕೆ ಕೈಜೋಡಿಸುತ್ತವೆ. ಒಬ್ಬರ ಬೆವರು ಇನ್ನೊಬ್ಬರದರಂತೆ ಇರುವುದಿಲ್ಲ. ಆದ್ದರಿಂದ ಅಕ್ಕನ ಕಾಲ್ಗೆಜ್ಜೆ ಬೆಳ್ಳಗಿದ್ದು ತಂಗಿಯದು ಕಪ್ಪಾಗಬಹುದು. "ಬೆಳ್ಳಿ ಕಪ್ಪಾದರೆ ದೇಹದಲ್ಲಿ ವಿಷ ಸೇರಿದೆ", "ದೃಷ್ಟಿ ತಾಗಿದೆ" ಎಂಬ ಸಂದೇಶಗಳಿಗೆ ಆಧಾರವಿಲ್ಲ. ಕಾಲುಂಗುರದ ಬಣ್ಣ ನೋಡಿ ಕಾಯಿಲೆ ಪತ್ತೆ ಮಾಡಲಾಗದು. ವಿಷ ಬೆರೆತ ಊಟ ಬೆಳ್ಳಿ ತಟ್ಟೆಯನ್ನು ಕಪ್ಪಾಗಿಸುತ್ತದೆ ಎಂಬ ಹಳೆಯ ನಂಬಿಕೆಗೆ ಒಂದು ಎಳೆಯ ಸತ್ಯವಿದೆ: ಹಿಂದಿನ ಕಾಲದ ಶುದ್ಧವಲ್ಲದ ಪಾಷಾಣದಲ್ಲಿ ಗಂಧಕ ಬೆರೆತಿರುತ್ತಿತ್ತು. ಕಪ್ಪಾಗಿಸುತ್ತಿದ್ದುದು ಆ ಗಂಧಕ. ಇಂದು ಈ ನಂಬಿಕೆಯ ಮೇಲೆ ಭರವಸೆ ಇಟ್ಟು ಊಟ ಮಾಡಬೇಡಿ.

ಈಗ ಫಾಯಿಲ್ ವಿಷಯ. ಬಿಸಿಯಾದ ಸೋಡಾ ನೀರಿನಲ್ಲಿ ಅಲ್ಯೂಮಿನಿಯಂಗೆ ತಾಗಿದಂತೆ ಬೆಳ್ಳಿಯನ್ನು ಇಟ್ಟಾಗ ಅಲ್ಲಿ ಒಂದು ಸಣ್ಣ ಬ್ಯಾಟರಿಯೇ ಸಿದ್ಧವಾಗುತ್ತದೆ. ಬೆಳ್ಳಿಯನ್ನು ಹಿಡಿದಿದ್ದ ಗಂಧಕ ಬಿಟ್ಟುಹೋಗುತ್ತದೆ, ಕಪ್ಪು ಪದರ ಮತ್ತೆ ಬೆಳ್ಳಿಯಾಗುತ್ತದೆ. ಕೊಳೆತ ಮೊಟ್ಟೆಯಂಥ ವಾಸನೆ ಸ್ವಲ್ಪ ಬಂದರೆ ಅದು ಹೊರಬಿದ್ದ ಗಂಧಕದ ಅನಿಲ. ಕಲ್ಲುಗಳಿಲ್ಲದ ಲೋಟ, ತಟ್ಟೆ, ದೀಪಗಳಿಗೆ ಇದು ಒಳ್ಳೆಯ ವಿಧಾನ. ಆದರೆ ಇದು ತೊಳೆಯುವ ವಿಧಾನವೇ ಹೊರತು ಅಸಲಿತನದ ಪರೀಕ್ಷೆಯಲ್ಲ. ಬೆಳ್ಳಿ ನೀರು ಕೊಟ್ಟ ವಸ್ತುವಿನ ಮೇಲ್ಪದರವೂ ಬೆಳ್ಳಿಯೇ, ಅದೂ ಹೀಗೆಯೇ ಹೊಳೆಯುತ್ತದೆ.

ಮಾರ್ಕಸೈಟ್ ಒಡವೆಗೆ ಇದು ಶತ್ರು. ಇಂಥ ಒಡವೆಯಲ್ಲಿ ಕಲ್ಲುಗಳ ನಡುವಿನ ತಗ್ಗುಗಳನ್ನು ಬೇಕೆಂದೇ ಕಪ್ಪಾಗಿಸಿರುತ್ತಾರೆ, ಮಿನುಗು ಎದ್ದು ಕಾಣಲಿ ಎಂದು. ಸೋಡಾ ನೀರು ಅದನ್ನೂ ಅಳಿಸಿಹಾಕುತ್ತದೆ. ಬಿಸಿನೀರು ಅಂಟನ್ನು ಸಡಿಲಿಸುತ್ತದೆ. ತೇವ ಕಲ್ಲಿನ ಹಿಂದೆ ಉಳಿದುಬಿಡುತ್ತದೆ. ನಾವು "ಆಕ್ಸಿಡೈಸ್ಡ್" ಎಂದು ಕರೆಯುವ ಕಪ್ಪು ಛಾಯೆಯ ಬೆಳ್ಳಿ ಒಡವೆಗಳಿಗೂ ಈ ಸ್ನಾನ ಬೇಡ.

ಮಾರ್ಕಸೈಟ್ ಎಂದರೆ ಪೈರೈಟ್, ಹಾಗಾದರೆ ಮೋಸವೇ?

ಗ್ರೂಪಿನಲ್ಲಿ ಬಂದ ಆ ಕೊನೆಯ ಮಾತು ಅರ್ಧ ಸರಿ. ಒಡವೆಗಳಲ್ಲಿ ಮಾರ್ಕಸೈಟ್ ಎಂದು ಕರೆಸಿಕೊಳ್ಳುವ ಕಲ್ಲು ನಿಜಕ್ಕೂ ಪೈರೈಟ್. ಆದರೆ ಅದು ಯಾರೋ ಒಬ್ಬ ಅಂಗಡಿಯವ ಮಾಡಿದ ಮೋಸವಲ್ಲ.

ಪೈರೈಟ್ ಮತ್ತು ಮಾರ್ಕಸೈಟ್ ಎರಡರಲ್ಲೂ ಇರುವುದು ಒಂದೇ ಪದಾರ್ಥ, ಒಂದು ಪಾಲು ಕಬ್ಬಿಣಕ್ಕೆ ಎರಡು ಪಾಲು ಗಂಧಕದ ಪರಮಾಣು. ಜೋಡಣೆ ಮಾತ್ರ ಬೇರೆ. ಒಂದೇ ರಾಗಿ ಹಿಟ್ಟಿನಿಂದ ಮುದ್ದೆಯೂ ಆಗುತ್ತದೆ, ರೊಟ್ಟಿಯೂ ಆಗುತ್ತದಲ್ಲ, ಹಾಗೆ. ಪೈರೈಟ್ ಜೋಡಣೆ ಗಟ್ಟಿ, ಅದನ್ನು ಸಾಣೆ ಹಿಡಿದು ಮುಖಗಳನ್ನು ಕತ್ತರಿಸಬಹುದು. ಖನಿಜಶಾಸ್ತ್ರದ ಮಾರ್ಕಸೈಟ್ ಬೇಗ ಪುಡಿಯಾಗುವ, ಗಾಳಿಯಲ್ಲಿ ಬೇಗ ಕೆಡುವ ಖನಿಜ. ಒಡವೆಗೆ ಅದು ಹೊಂದುವುದಿಲ್ಲ.

ಹೆಸರಿನ ಗೊಂದಲ ಬಂದದ್ದು ಹೀಗೆ. ಅರಬ್ಬಿ ಮೂಲದಿಂದ ಯುರೋಪಿಗೆ ಬಂದ ಮಾರ್ಕಸೈಟ್ ಎಂಬ ಪದವನ್ನು ಬಹುಕಾಲ ಪೈರೈಟ್ ಮತ್ತು ಅದನ್ನು ಹೋಲುವ ಎಲ್ಲ ಕಲ್ಲುಗಳಿಗೂ ಬಳಸುತ್ತಿದ್ದರು. 18ನೇ ಶತಮಾನದಲ್ಲಿ ಯುರೋಪಿನಲ್ಲಿ ವಜ್ರದ ಬೆಲೆ ಕೈಗೆಟುಕದವರಿಗೆ ಪೈರೈಟ್ ಕಲ್ಲಿನ ಒಡವೆ ಪ್ರಿಯವಾಗಿತ್ತು. ಆಗಲೇ ಅದಕ್ಕೆ ಮಾರ್ಕಸೈಟ್ ಒಡವೆ ಎಂಬ ಹೆಸರು ನಿಂತುಬಿಟ್ಟಿತ್ತು. 1845ರಲ್ಲಿ ಆಸ್ಟ್ರಿಯಾದ ಖನಿಜ ವಿಜ್ಞಾನಿ ವಿಲ್ಹೆಲ್ಮ್ ಹೈಡಿಂಗರ್ ಆ ಹೆಸರನ್ನು ಇನ್ನೊಂದು ಖನಿಜಕ್ಕೆ ಮೀಸಲಿಟ್ಟರು. ವಿಜ್ಞಾನಿಗಳು ಒಪ್ಪಿಕೊಂಡರು, ಅಕ್ಕಸಾಲಿಗರು ಹಳೆಯ ಹೆಸರನ್ನೇ ಉಳಿಸಿಕೊಂಡರು. ಅಂದರೆ ಒಡವೆಯ ಹೆಸರು ವಿಜ್ಞಾನದ ಹೆಸರಿಗಿಂತ ಹಿರಿಯದು.

ಆಮೇಲೆ 1920, 30ರ ದಶಕಗಳಲ್ಲಿ ಈ ಒಡವೆಗೆ ಮತ್ತೆ ಸುಗ್ಗಿ ಬಂತು. ಜರ್ಮನಿಯ ಫೋರ್ಟ್ಸ್‌ಹೈಮ್ ಪಟ್ಟಣ ಇದರ ದೊಡ್ಡ ಕೇಂದ್ರ. ಅಲ್ಲಿ ಥಿಯೊಡೋರ್ ಫಾರ್ನರ್ ಕಟ್ಟಿದ ಸಂಸ್ಥೆ ಬೆಳ್ಳಿ, ಮಾರ್ಕಸೈಟ್, ಬಣ್ಣದ ಕಲ್ಲುಗಳನ್ನು ಸೇರಿಸಿ ಮಾಡಿದ ಒಡವೆಗಳನ್ನು ಇಂದಿಗೂ ಸಂಗ್ರಹಕಾರರು ಹುಡುಕಿಕೊಂಡು ಹೋಗುತ್ತಾರೆ. ಇಂದು ಮಾರುಕಟ್ಟೆಯಲ್ಲಿರುವ ಹೊಸ ಮಾರ್ಕಸೈಟ್ ಒಡವೆಗಳಲ್ಲಿ ಬಹಳಷ್ಟು ಥಾಯ್ಲೆಂಡಿನವು.

ಇದೇ ಮಾತಿನಲ್ಲಿ ನಮ್ಮದೇ ಮಾರುಕಟ್ಟೆಯ ಇನ್ನೊಂದು ಹೆಸರನ್ನೂ ಹೇಳಬೇಕು. ಪೂಜಾ ಸಾಮಗ್ರಿ, ತಾಂಬೂಲದ ಉಡುಗೊರೆಗಳಲ್ಲಿ ಧಾರಾಳವಾಗಿ ಸಿಗುವ "ಜರ್ಮನ್ ಸಿಲ್ವರ್"ನಲ್ಲಿ ಬೆಳ್ಳಿ ಒಂದು ಚೂರೂ ಇಲ್ಲ. ಅದು ತಾಮ್ರ, ನಿಕ್ಕಲ್, ಸತುವಿನ ಮಿಶ್ರಣ. ಬೆಳ್ಳಿಯ ಬೆಲೆಗೆ ಅದನ್ನು ಕೊಂಡರೆ ಅದು ನಿಜವಾದ ನಷ್ಟ. ನಿಕ್ಕಲ್ ಅಲರ್ಜಿ ಇರುವವರಿಗೆ ಅಂಥ ಓಲೆ, ಸರದಿಂದ ತುರಿಕೆ, ಗುಳ್ಳೆಗಳೂ ಬರಬಹುದು. ಹಳೆಯ ವಿದೇಶಿ ವಸ್ತುಗಳ ಮೇಲೆ ಇಪಿಎನ್‌ಎಸ್ ಎಂಬ ಅಕ್ಷರಗಳಿದ್ದರೆ, ಅದು ಜರ್ಮನ್ ಸಿಲ್ವರ್‌ಗೆ ಬೆಳ್ಳಿಯ ನೀರು ಕೊಟ್ಟದ್ದು ಎಂದರ್ಥ.

ಪೈರೈಟ್ ಬ್ರೇಸ್ಲೆಟ್ ಹಣ ತರುತ್ತದೆಯೇ?

ಒಡವೆಯಲ್ಲಿ ಮಾರ್ಕಸೈಟ್ ಹೆಸರಿನಲ್ಲಿರುವ ಈ ಕಲ್ಲೇ ಇತ್ತೀಚೆಗೆ "ಹಣ ಸೆಳೆಯುವ ಕಲ್ಲು" ಎಂದು ಮಣಿ ಬ್ರೇಸ್ಲೆಟ್ ರೂಪದಲ್ಲಿ ರೀಲ್ಸ್‌ಗಳಲ್ಲಿ ಮಾರಾಟವಾಗುತ್ತಿದೆ. ಕಬ್ಬಿಣ ಮತ್ತು ಗಂಧಕದ ಕಲ್ಲೊಂದು ಬ್ಯಾಂಕ್ ಖಾತೆಯನ್ನು ತುಂಬುತ್ತದೆ ಎನ್ನಲು ಯಾವ ಪುರಾವೆಯೂ ಇಲ್ಲ. ಚಿನ್ನದ ಗಣಿಗಳಲ್ಲಿ ಪೈರೈಟ್ ಸಿಗುವುದು ನಿಜ. ನಮ್ಮ ಹಟ್ಟಿಯ ಅದಿರಿನಲ್ಲೂ ಇದೆ. ಕೆಲವು ಪೈರೈಟ್ ಹರಳುಗಳೊಳಗೆ ಅತಿ ಸೂಕ್ಷ್ಮ ಪ್ರಮಾಣದ ಚಿನ್ನ ಅಡಗಿರುವುದೂ ನಿಜ. ಆದರೆ ಮಣಿಯೊಂದನ್ನು ಕೈಗೆ ಕಟ್ಟಿಕೊಂಡು ಅದನ್ನು ಪಡೆಯಲಾಗದು.

ಧರಿಸುವುದರಿಂದ ಅಪಾಯವೇನೂ ಇಲ್ಲ. ಅಪಾಯ ಇರುವುದು "ಉಪ್ಪುನೀರಿನಲ್ಲಿ ಇಟ್ಟು ಶುದ್ಧಿ ಮಾಡಿ", "ಕಲ್ಲನ್ನು ನೆನೆಸಿದ ನೀರು ಕುಡಿಯಿರಿ" ಎಂಬ ಸಲಹೆಗಳಲ್ಲಿ. ನೀರು ಮತ್ತು ಗಾಳಿ ಒಟ್ಟಿಗೆ ತಾಗಿದಾಗ ಪೈರೈಟ್ ನಿಧಾನವಾಗಿ ಕರಗಿ ಕಬ್ಬಿಣದ ಲವಣ ಮತ್ತು ಗಂಧಕಾಮ್ಲ ಉಂಟಾಗುತ್ತವೆ. ಕೆಲವು ಪೈರೈಟ್‌ಗಳಲ್ಲಿ ಪಾಷಾಣದ, ಅಂದರೆ ಆರ್ಸೆನಿಕ್‌ನ, ಅಂಶವೂ ಇರುತ್ತದೆ. ಅದನ್ನು ನೆನೆಸಿದ ನೀರನ್ನು ಖಂಡಿತ ಕುಡಿಯಬೇಡಿ, ಮಕ್ಕಳಿಗೆ ಕೊಡಬೇಡಿ.

ಈ ರಾಸಾಯನಿಕ ಕ್ರಿಯೆ ಸಣ್ಣದಲ್ಲ. ಗಣಿಗಳಿಂದ ಹರಿಯುವ ಆಮ್ಲದ ನೀರು ಹೊಳೆಗಳನ್ನು ಕೆಡಿಸುವುದಕ್ಕೆ ಇದೇ ಕಾರಣ. ಐರ್ಲೆಂಡಿನಲ್ಲಿ ಮನೆಗಳ ನೆಲದಡಿ ತುಂಬಿದ ಜಲ್ಲಿಯಲ್ಲಿ ಪೈರೈಟ್ ಸೇರಿದ್ದರಿಂದ ಅದು ಹಿಗ್ಗಿ ನೆಲ ಉಬ್ಬಿತು, ಗೋಡೆಗಳು ಬಿರುಕುಬಿಟ್ಟವು. ದುರಸ್ತಿಗೆ ಸರ್ಕಾರವೇ ಮುಂದೆ ಬರಬೇಕಾಯಿತು.

ಹಾಗಾದರೆ ಸರಿಯಾಗಿ ಪರೀಕ್ಷಿಸುವುದು ಹೇಗೆ?

ಲೋಹಕ್ಕೆ: ಹಾಲ್‌ಮಾರ್ಕಿಂಗ್ ಕೇಂದ್ರ ಅಥವಾ ದೊಡ್ಡ ಆಭರಣದಂಗಡಿಗಳಲ್ಲಿ ಎಕ್ಸ್‌ಆರ್‌ಎಫ್ ಯಂತ್ರವಿರುತ್ತದೆ. ಒಡವೆಗೆ ಗಾಯ ಮಾಡದೆ ಅದರಲ್ಲಿರುವ ಲೋಹಗಳ ಪಾಲನ್ನು ಅದು ತೋರಿಸುತ್ತದೆ. ಆದರೆ ಯಂತ್ರ ಓದುವುದು ಮೇಲ್ಪದರವನ್ನು ಮಾತ್ರ. ದಪ್ಪ ನೀರು ಕೊಟ್ಟಿರುವ ಅನುಮಾನವಿದ್ದರೆ ಹಿಂಬದಿಯಲ್ಲಿ, ಸವೆದ ಜಾಗದಲ್ಲೂ ಓದಿಸಿ.

ಕಲ್ಲಿಗೆ: ಮೊಬೈಲ್ ಕ್ಯಾಮೆರಾವನ್ನು ಹತ್ತಿರ ಹಿಡಿದು ದೊಡ್ಡದಾಗಿ ನೋಡಿ. ಒಳ್ಳೆಯ ಕೆಲಸದಲ್ಲಿ ಪ್ರತಿ ಕಲ್ಲನ್ನೂ ಬೆಳ್ಳಿಯ ಪುಟ್ಟ ಗುಂಡುಗಳು ಅಂಚಿನಲ್ಲಿ ಒತ್ತಿ ಹಿಡಿದಿರುತ್ತವೆ. ಅಗ್ಗದ ಕೆಲಸದಲ್ಲಿ ಅಂಟು ಮಾತ್ರ. ಕಲ್ಲು ಆಯಸ್ಕಾಂತಕ್ಕೆ ಅಂಟಿದರೆ, ಹಿಂಬದಿಯಲ್ಲಿ ಸಣ್ಣ ರಿವೆಟ್‌ಗಳ ತುದಿ ಕಂಡರೆ, ಅದು ಪೈರೈಟ್ ಅಲ್ಲ, ಸಾಣೆ ಹಿಡಿದ ಉಕ್ಕು. 18, 19ನೇ ಶತಮಾನಗಳಲ್ಲಿ ಅದೂ ಒಂದು ಫ್ಯಾಷನ್ ಆಗಿತ್ತು, ಅದಕ್ಕೂ ಇಂದು ಬೆಲೆಯಿದೆ.

ಆನ್‌ಲೈನ್‌ನಲ್ಲಿ ಕೊಳ್ಳುವಾಗ: "ವಿಂಟೇಜ್ ಸ್ಟೈಲ್" ಎಂದರೆ ಹಳೆಯ ಶೈಲಿಯ ಹೊಸ ವಸ್ತು. "ಸಿಲ್ವರ್ ಟೋನ್" ಎಂದರೆ ಬೆಳ್ಳಿಯ ಬಣ್ಣ, ಬೆಳ್ಳಿಯಲ್ಲ. ಹಿಂಬದಿಯ ಮತ್ತು ಮುದ್ರೆಯ ಫೋಟೋ ಕೇಳಿ. ಕೊಡಲು ಒಪ್ಪದಿದ್ದರೆ ಬಿಟ್ಟುಬಿಡಿ.

ಇಟ್ಟುಕೊಳ್ಳುವುದು ಹೇಗೆ?

ಮೆತ್ತನೆಯ ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು. ಕಲ್ಲುಗಳ ನಡುವಿನ ಧೂಳಿಗೆ ಒಣಗಿದ ಮೆತ್ತನೆ ಬ್ರಷ್. ಟೂತ್‌ಪೇಸ್ಟ್ ಬೇಡ, ಅದರಲ್ಲಿರುವ ಉಜ್ಜುಪುಡಿ ಬೆಳ್ಳಿಯ ಮೇಲೆ ಗೀರು ಮೂಡಿಸುತ್ತದೆ. ಹುಣಸೆಹಣ್ಣು, ನಿಂಬೆ, ಬೆಳ್ಳಿ ತೊಳೆಯುವ ದ್ರಾವಣ, ಅಂಗಡಿಯ ಅಲ್ಟ್ರಾಸಾನಿಕ್ ಯಂತ್ರ ಯಾವುದೂ ಮಾರ್ಕಸೈಟ್‌ಗೆ ಬೇಡ. ಸೆಂಟು, ಪೌಡರ್ ಹಾಕಿಕೊಂಡ ಮೇಲೆ ಕೊನೆಯಲ್ಲಿ ಧರಿಸಿ, ಮನೆಗೆ ಬಂದ ಕೂಡಲೇ ಮೊದಲು ತೆಗೆಯಿರಿ.

ಪೈರೈಟ್‌ಗೆ ತೇವವೇ ದೊಡ್ಡ ವೈರಿ. ಗಾಳಿಯ ತೇವಾಂಶ 60% ದಾಟಿದಂತೆ ಅದು ಕೆಡುವ ವೇಗ ಹೆಚ್ಚುತ್ತದೆ. ನಮ್ಮ ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ತೇವ ಅದಕ್ಕಿಂತ ಎಷ್ಟೋ ಹೆಚ್ಚು. ಆದ್ದರಿಂದ ಬಿಗಿಯಾಗಿ ಮುಚ್ಚುವ ಪುಟ್ಟ ಚೀಲದಲ್ಲಿ, ಹೊಸ ಚಪ್ಪಲಿ ಡಬ್ಬದಲ್ಲಿ ಬರುತ್ತದಲ್ಲ, ಆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಪೊಟ್ಟಣವನ್ನು ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ. ಕಲ್ಲಿನ ಮೇಲೆ ಬಿಳಿ ಅಥವಾ ಹಳದಿ ಪುಡಿ ಕಂಡರೆ ಅದು ಕೆಡಲು ಶುರುವಾಗಿದೆ ಎಂದರ್ಥ. ಆ ಒಡವೆಯನ್ನು ಬೇರೆಯವುಗಳಿಂದ ದೂರವಿಡಿ. ಒಳ್ಳೆಯ ಕಲ್ಲು, ಒಣ ಜಾಗ ಎರಡೂ ಇದ್ದರೆ ನೂರಾರು ವರ್ಷ ಬಾಳುತ್ತದೆ. 18ನೇ ಶತಮಾನದ ಮಾರ್ಕಸೈಟ್ ಒಡವೆಗಳು ಇಂದಿಗೂ ಉಳಿದಿವೆ.

ದೊಡ್ಡಮ್ಮನ ಸೀರೆಪಿನ್

ಮುಂದಿನ ವಾರ ಊರಿಗೆ ಹೋದಾಗ ಇಬ್ಬರೂ ಸೇರಿ ಬ್ರೋಚನ್ನು ಪರೀಕ್ಷೆ ಮಾಡಿಸಿದೆವು. ಯಂತ್ರ ತೋರಿಸಿದ್ದು 93%ಕ್ಕಿಂತ ಸ್ವಲ್ಪ ಹೆಚ್ಚು ಬೆಳ್ಳಿ. ಮುದ್ರೆ ಸುಳ್ಳು ಹೇಳಿರಲಿಲ್ಲ. ಅಲ್ಲಿದ್ದ ಹಿರಿಯ ಕೆಲಸಗಾರರು ಭೂತಗನ್ನಡಿಯಲ್ಲಿ ನೋಡಿ, ಬಿದ್ದ ಮೂರು ಕಲ್ಲಿನ ಗುಳಿಗಳಲ್ಲಿ ಮಾತ್ರ ಅಂಟಿನ ಗುರುತಿದೆ, ಉಳಿದವೆಲ್ಲ ಬೆಳ್ಳಿ ಗುಂಡುಗಳ ಹಿಡಿತದಲ್ಲಿ ಭದ್ರವಾಗಿವೆ ಎಂದರು. ಆ ಮೂರು ಯಾವಾಗಲೋ ಬಿದ್ದು, ದೊಡ್ಡಪ್ಪ ಕೊಳ್ಳುವ ಮೊದಲೇ ಯಾರೋ ಅಂಟಿಸಿರಬೇಕು. ಅವನ್ನು ಮತ್ತೆ ಕೂರಿಸಿಕೊಟ್ಟರು. ಸೋಡಾ ನೀರಿನಲ್ಲಿ ಹೋದ ಕಪ್ಪು ಛಾಯೆ ಮಾತ್ರ ಹೋಗಿಯೇ ಬಿಟ್ಟಿತು. ಅದು ತಾನಾಗಿ ಮರಳಲು ವರ್ಷಗಳು ಬೇಕು.

ದಾರಿಯಲ್ಲಿ ದೊಡ್ಡಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಹಾಗಾದ್ರೆ ಅವರು ಮೋಸ ಹೋಗ್ಲಿಲ್ಲ ಅಲ್ವಾ?" ಇಲ್ಲ ಎಂದೆ. ಮನೆಗೆ ಬಂದು ಪರೀಕ್ಷೆಯ ಚೀಟಿಯ ಫೋಟೋ ತೆಗೆದು, ಆ ಫಾರ್ವರ್ಡ್ ಬಂದಿದ್ದ ಗ್ರೂಪಿಗೇ ಹಾಕಿದರು.

ನಿಮಗೂ ಇಂಥ ಪರೀಕ್ಷೆಯ ಸಂದೇಶ ಬಂದರೆ ಮುಂದಕ್ಕೆ ಕಳಿಸುವ ಮುನ್ನ ಎರಡು ಪ್ರಶ್ನೆ ಕೇಳಿಕೊಳ್ಳಿ. ನಕಲಿ ವಸ್ತುವೂ ಈ ಪರೀಕ್ಷೆಯಲ್ಲಿ ಪಾಸಾಗಬಹುದೇ? ಅಸಲಿ ವಸ್ತುವೂ ಫೇಲಾಗಬಹುದೇ? ಎರಡರಲ್ಲಿ ಒಂದಕ್ಕೆ ಹೌದು ಎಂಬ ಉತ್ತರ ಬಂದರೂ ಆ ಪರೀಕ್ಷೆಯನ್ನು ನಂಬಿ ತೀರ್ಮಾನಕ್ಕೆ ಬರಬೇಡಿ. ಅಜ್ಜಿಯ ಪೆಟ್ಟಿಗೆಯಲ್ಲಿರುವ ಒಡವೆಯನ್ನಂತೂ ಅದಕ್ಕಾಗಿ ಬಿಸಿನೀರಿಗೆ ಹಾಕಬೇಡಿ.